ಓರೆ ಆಖಿ ಬಿಲ್ಲು ಆರಿಸಿದ್ದು

ನೂ ನದಿಯ ಮೇಲಿನ ಆ ಇಳಿಜಾರಿನ ಊರಿನಲ್ಲಿ ಮನೆಗೊಬ್ಬ ಆಖಿ ಇದ್ದ. ಮೊದಲ ಮಗ ಆಫು, ಎರಡನೆಯವನು ಆದೆ, ಮೂರನೆಯವನು ಆಖಿ; ಹೆಸರಿಡುವ ತಲೆನೋವು ಅಲ್ಲಿಗೆ ಮುಗಿಯಿತು. ಯಾರಾದರೂ ಅಂಗಳದಲ್ಲಿ ನಿಂತು "ಆಖೀ" ಎಂದು ಕೂಗಿದರೆ ಮೆಕ್ಕೆಜೋಳದ ಹೊಲಗಳಲ್ಲಿ ಐದಾರು ತಲೆಗಳು ಮೇಲೇಳುತ್ತಿದ್ದವು. ಹಾಗಾಗಿ ಒಬ್ಬ ಕುಂಟ ಆಖಿ, ಇನ್ನೊಬ್ಬ ಉಪ್ಪಿನ ಆಖಿ. ನಮ್ಮವನಿಗೆ ಓರೆ ಆಖಿ ಎಂದು ಹೆಸರು ಬಿದ್ದದ್ದು ಮೈಯಲ್ಲಿ ಏನೋ ಓರೆಯಿತ್ತೆಂದಲ್ಲ. ಆಳು ಬಿದಿರಿನ ಹಾಗೆ ನೇರವಾಗಿದ್ದ. ಓರೆಯಾಗಿದ್ದದ್ದು ಅವನ ಅಡ್ಡಬಿಲ್ಲು.

ಆ ಬಿಲ್ಲನ್ನು ಅಪ್ಪ ಮಾಡಿಕೊಟ್ಟದ್ದು ದೊಡ್ಡಣ್ಣ ಆಫುವಿಗೆ. ಕಾಡು ಹಿಪ್ಪುನೇರಳೆ ಮರದ ಒಳ್ಳೆಯ ಬಿಲ್ಲೇ, ಹಿಡಿಗೆ ಅಡ್ಡಲಾಗಿ ಕೂರಿಸಿ, ಕೀಲು ಒತ್ತಿ ಬಾಣ ಬಿಡುವಂಥದ್ದು. ಆಫು ಹಗ್ಗಕ್ಕೆ ಜೋತುಬಿದ್ದು ನದಿ ದಾಟುವಾಗ ಅದನ್ನು ಆಚೆ ದಡದ ಬಂಡೆಗೆ ಬಡಿದ. ಆಮೇಲೆ ಅದು ಆದೆಯ ಕೈಗೆ ಬಂತು. ಅವನು ಅದರಿಂದ ಬೇಟೆಯಾಡಿದ್ದಕ್ಕಿಂತ ಅಕ್ರೋಟು ಉದುರಿಸಿದ್ದೇ ಹೆಚ್ಚು. ಆಖಿಯ ಪಾಲಿಗೆ ಬರುವ ಹೊತ್ತಿಗೆ ಬಿಲ್ಲಿನ ಒಂದು ತೋಳು ಸೋತುಹೋಗಿತ್ತು. ಬಾಣ ಬಿಟ್ಟರೆ ಎಡಕ್ಕೆ ಓಡುತ್ತಿತ್ತು.

ಆಖಿ ಯಾರಲ್ಲೂ ದೂರಲಿಲ್ಲ. ದೂರಿದರೆ, "ನಿನ್ನ ಅಣ್ಣಂದಿರು ಇದ್ರಲ್ಲೇ ದೊಡ್ಡವರಾಗ್ಲಿಲ್ವಾ?" ಎಂಬ ಉತ್ತರ ಸಿದ್ಧವಾಗಿತ್ತು. ಅವನು ಬಲಕ್ಕೆ ಗುರಿಯಿಡಲು ಕಲಿತ. ಅಳಿಲು ಬೇಕಿದ್ದರೆ ಅಳಿಲಿನ ಬಲಗಡೆಯ ಕೊಂಬೆಗೆ, ಕಾಡುಕೋಳಿ ಬೇಕಿದ್ದರೆ ಬಲಗಡೆಯ ಪೊದೆಗೆ. ಬರುಬರುತ್ತಾ ಅದು ಎಷ್ಟು ರೂಢಿಯಾಯಿತೆಂದರೆ, ತಾನು ಪಕ್ಕಕ್ಕೆ ಗುರಿಯಿಡುತ್ತಿದ್ದೇನೆ ಎಂಬುದೇ ಅವನಿಗೆ ಮರೆತುಹೋಯಿತು. ಅಳಿಲು ಬೀಳುತ್ತಿತ್ತು, ಅಮ್ಮ ಸಾರು ಮಾಡುತ್ತಿದ್ದಳು, ಅಷ್ಟೇ.

ಹೀಗಿರುವಾಗ ಅವನಿಗೆ ಮೇಲಿನ ಊರಿನ ಆಚ್ಯಾಳ ಮೇಲೆ ಮನಸ್ಸಾಯಿತು. ಆಚ್ಯಾಳಿಗೂ ಒಪ್ಪಿಗೆಯೇ. ಅಡ್ಡ ನಿಂತವನು ಅವಳ ಅಪ್ಪ ಲಾಪು. ಲಾಪು ಹುಲಿಕುಲದವನು, ಅದನ್ನು ಯಾರೂ ಮರೆಯದಂತೆ ನೋಡಿಕೊಳ್ಳುತ್ತಿದ್ದ. ಹರೆಯದಲ್ಲಿ ಕರಡಿ ಹೊಡೆದಿದ್ದನಂತೆ. ಆ ಕರಡಿ ವರ್ಷವರ್ಷವೂ ಬೆಳೆಯುತ್ತಾ ಬಂದಿತ್ತು.

ಹೆಣ್ಣು ಕೇಳಲು ಬಂದ ಆಖಿಯ ಹೆಗಲಿನಿಂದ ಲಾಪು ಬಿಲ್ಲನ್ನು ಎಳೆದುಕೊಂಡು ತಿರುಗಿಸಿ ನೋಡಿದ.

"ಇದೇನೋ ಇದು? ಅಣ್ಣಂದಿರ ಎಂಜಲು ಬಿಲ್ಲು ಹಿಡ್ಕೊಂಡು ನನ್ನ ಮಗಳನ್ನ ಕೇಳೋಕೆ ಬಂದಿದ್ದೀಯಾ?"

"ಚೆನ್ನಾಗೇ ಹೊಡಿಯುತ್ತೆ ಮಾವ."

"ಮಾವ ಅಂತ ಆಗ್ಲೇ ಕರೀಬೇಡ. ನೋಡೋಣ ತಾಳು, ಇದ್ರ ಬಲ ಎಷ್ಟಿದೆ."

ಲಾಪು ಬಿಲ್ಲಿನ ಹಿಡಿಯನ್ನು ಹೊಟ್ಟೆಗೆ ಒತ್ತಿಕೊಂಡು, ಎರಡೂ ಕೈಯಿಂದ ನಾರಿನ ಹೆದೆಯನ್ನು ಹುಲಿಯಂತೆ ಎಳೆದ. ಫಟ್ಟೆಂದಿತು. ಬಿಲ್ಲಿನ ಒಂದು ತುಂಡು ಒಲೆಯೊಳಗೆ ಬಿತ್ತು, ಇನ್ನೊಂದು ಲಾಪುವಿನ ಮೂಗಿಗೆ.

"ನೋಡಿದ್ಯಾ? ನಾನು ಹೇಳ್ಲಿಲ್ವಾ?" ಎಂದ ಲಾಪು, ಮೂಗು ಒತ್ತಿಕೊಂಡೇ. "ಹೋಗು, ನಿಂದೇ ಅನ್ನೋ ಒಂದು ಬಿಲ್ಲು ತಗೋ. ಅದ್ರಲ್ಲಿ ನನ್ನ ಕಣ್ಣೆದುರಿಗೆ ಒಂದು ಬೇಟೆ ಬೀಳಿಸು. ಆಮೇಲೆ ಮಾತು."

ಜೋಳ ಕುಟ್ಟುತ್ತಿದ್ದ ಆಚ್ಯಾ ಒನಕೆ ನಿಲ್ಲಿಸಿದಳು. "ಮುರಿದೋನು ನೀನು ಅಪ್ಪ. ಕೊಡಿಸ್ಬೇಕಾದೋನೂ ನೀನೇ."

ಲಾಪುವಿಗೆ ಆ ಕ್ಷಣ ಕಿವಿ ಮಂದವಾಯಿತು. ಆದರೆ ಮಾರನೆಯ ಬೆಳಿಗ್ಗೆ ಅವನು ಬಿಲ್ಲಿನ ಬೆಲೆಗೆಂದು ಒಂದು ಹಂದಿಮರಿಯನ್ನು ಬೆನ್ನಿಗೆ ಕಟ್ಟಿಕೊಂಡು ನದಿಯ ಹತ್ತಿರ ಕಾಯುತ್ತಿದ್ದ. "ಬಿಲ್ಲು ಆರಿಸೋದು ಎಳಸುಗಳ ಕೆಲಸ ಅಲ್ಲ" ಎಂದಷ್ಟೇ ಹೇಳಿದ. ಹಗ್ಗದ ಮೇಲೆ ಜಾರಿ ದಾಟುವಾಗ ಹಂದಿಮರಿ ನದಿಯುದ್ದಕ್ಕೂ ಕೇಳುವಂತೆ ಕಿರುಚಿತು. ಲಾಪುವೂ ಸ್ವಲ್ಪ ಕಿರುಚಿದ ಎಂದು ಆಖಿಗೆ ಅನ್ನಿಸಿತು, ಆದರೆ ಕೇಳಲು ಹೋಗಲಿಲ್ಲ.

ಆಚೆ ದಡದಲ್ಲಿ ಬಿಲ್ಲು ಮಾಡುವವನು ಜೇನುಕುಲದ ಬ್ಯಾ ತಾತ. ಅವನ ಮನೆಯ ಒಲೆಯ ಮೇಲಿನ ಅಟ್ಟದಲ್ಲಿ ಬಿಲ್ಲುಗಳು ಹೊಗೆಗೆ ಕಪ್ಪಾಗಿ ಸಾಲಾಗಿ ತೂಗುತ್ತಿದ್ದವು. ಹಂದಿಮರಿಯನ್ನು ಅಂಗಳದ ಎಡಗಡೆಯ ಗೂಟಕ್ಕೆ ಕಟ್ಟಿ, ಲಾಪು ಎಲ್ಲಕ್ಕಿಂತ ದೊಡ್ಡ ಬಿಲ್ಲಿಗೆ ಕೈತೋರಿಸಿದ.

"ಅದು ಕೊಡಿ. ಕರಡಿಗೆ ಆಗೋ ಅಂಥದ್ದು."

"ಹುಡುಗ ಕರಡಿ ಹೊಡೀತಾನಾ?" ಎಂದ ತಾತ.

"ನಾನು ಹೊಡೆದಿದ್ದೀನಿ."

"ಬಿಲ್ಲು ಯಾರಿಗೆ?"

ಆದರೂ ತಾತ ಅದನ್ನು ಇಳಿಸಿಕೊಟ್ಟ. ಆಖಿ ಹೊಟ್ಟೆಗೆ ಒತ್ತಿಕೊಂಡು ಎಳೆದ. ಮುಖ ಕೆಂಪಾಯಿತು, ಕತ್ತಿನ ನರ ಉಬ್ಬಿತು, ಹೆದೆ ಅಲುಗಲಿಲ್ಲ. ಕೊನೆಗೆ ಅವನೇ ಹಿಂದಕ್ಕೆ ಹೋಗಿ ಜೋಳದ ಬುಟ್ಟಿಯಲ್ಲಿ ಕೂತ. ತಾತ ಅದನ್ನು ತೂಗುಹಾಕಿ, ನಡುಗಾತ್ರದ ಇನ್ನೊಂದನ್ನು ಕೊಟ್ಟ. ಅದು ಕೈಗೆ ಹಿತವಾಗಿತ್ತು. ಮೂಳೆಯ ಕೀಲು ಬೆರಳಿಗೆ ಮೆತ್ತಗೆ ಸಿಗುತ್ತಿತ್ತು. ಅಂಗಳದ ಕೊನೆಯ ಕಟ್ಟೆಯ ಮೇಲೆ ತಾತ ಒಂದು ಕುಂಬಳಕಾಯಿ ಇಟ್ಟ.

ಆಖಿ ಹೊಡೆದ. ಬಾಣ ಕುಂಬಳಕಾಯಿಯ ಬಲಕ್ಕೆ ಹಾದು ಹಿಂದಿನ ಬೇಲಿಗೆ ನೆಟ್ಟಿತು. ಮತ್ತೆ ಹೊಡೆದ, ಮತ್ತೆ ಬೇಲಿ. ಬೇರೆ ಬಿಲ್ಲು ತೆಗೆದುಕೊಂಡ, ಬೇಲಿ. ಇನ್ನೊಂದು, ಬೇಲಿಯೇ.

ಲಾಪು ಹೊಟ್ಟೆ ಹಿಡಿದುಕೊಂಡು ನಕ್ಕ. "ಬೇಲಿ ಬೇಟೆಗೆ ಇವನನ್ನ ಬಿಟ್ರೆ ಇಲ್ಲ!"

ಬ್ಯಾ ತಾತನಿಗೆ ನಗು ಬರಲಿಲ್ಲ. "ನನ್ನ ಬಿಲ್ಲುಗಳ ಮಾನ ಕಳೀತಿದ್ದೀಯಲ್ಲೋ! ಕಣ್ಣು ಕಾಣುತ್ತಾ ನಿಂಗೆ?"

ಆಖಿಗೆ ಅಳು ಬರುವುದೊಂದು ಬಾಕಿ. ಈವರೆಗೆ ಅವನು ನಂಬಿದ್ದ ಒಂದೇ ಸಂಗತಿ ಎಂದರೆ ತನಗೆ ಗುರಿಯಿದೆ ಎಂಬುದು. ಅದೂ ಹೋದರೆ ಉಳಿದದ್ದೇನು? ಆಚ್ಯಾಳಿಗೆ ಏನು ಹೇಳುವುದು?

ಅಷ್ಟರಲ್ಲಿ ತಾತನ ಹೆಂಡತಿ ಬೇಲಿಯ ಹತ್ತಿರ ಹೋಗಿ ಬಾಣ ಕೀಳುತ್ತಿದ್ದಳು. ಅಲ್ಲಿಂದಲೇ ಕೂಗಿದಳು: "ಬನ್ರಿ ಇಲ್ಲಿ, ನೋಡಿ! ಎಲ್ಲಾ ಬಾಣಾನೂ ಅಂಗೈಯಗಲ ಜಾಗದಲ್ಲಿ ಕೂತಿವೆ. ಗುರಿ ಇಲ್ದಿರೋನು ಹೀಗೆ ಹೊಡೀತಾನಾ? ನೀವು ಹೊಡೆದ್ರೂ ಇಷ್ಟು ಒತ್ತಾಗಿ ಕೂರಲ್ಲ."

"ನನ್ನ ಸುದ್ದಿ ಯಾಕೆ ಈಗ" ಎಂದು ಗೊಣಗುತ್ತಾ ತಾತ ಹೋಗಿ ನೋಡಿದ. ತಿರುಗಿ ಬಂದಾಗ ಅವನ ಮುಖ ಬೇರೆಯಾಗಿತ್ತು. "ಇದಕ್ಕೆ ಮುಂಚೆ ಯಾವ ಬಿಲ್ಲು ಹೊಡೀತಿದ್ದೆ ನೀನು?"

ಆಖಿ ಎಲ್ಲವನ್ನೂ ಹೇಳಿದ. ಬಂಡೆ, ಅಕ್ರೋಟು, ಸೋತ ತೋಳು. ಹೇಳುತ್ತಾ ಹೇಳುತ್ತಾ ಅವನಿಗೇ ನೆನಪಾಯಿತು, ತಾನು ಕುಂಬಳಕಾಯಿಯನ್ನು ಒಮ್ಮೆಯೂ ನೋಡಿಯೇ ಇರಲಿಲ್ಲ. ನೋಡಿದ್ದು ಅದರ ಪಕ್ಕದ ಜಾಗವನ್ನು. ನೇರ ನೋಡಿ ಹೊಡೆಯಲು ಪ್ರಯತ್ನಪಟ್ಟ. ಕೀಲು ಒತ್ತುವ ಹೊತ್ತಿಗೆ ಕೈ ತಾನಾಗಿಯೇ ಬಲಕ್ಕೆ ಸರಿಯಿತು. ಬೇಲಿ.

"ಇನ್ನು ಹತ್ತು ವರ್ಷ ಬೇಕು ಇವನ ಕೈ ತಿದ್ದೋಕೆ" ಎಂದ ತಾತ.

"ನನ್ನ ಮಗಳು ಹತ್ತು ವರ್ಷ ಕಾಯ್ತಾಳಾ?" ಎಂದ ಲಾಪು. ಹಾಗೆಂದದ್ದು ತನ್ನ ಬಾಯೇ ಎಂದು ಅವನಿಗೇ ಆಶ್ಚರ್ಯವಾದಂತಿತ್ತು.

"ಕೋಳಿಗೂಡಿಂದು ಕೊಡಿ ಅವನಿಗೆ" ಎಂದಳು ಅಜ್ಜಿ.

"ಲೇ, ಸುಮ್ನಿರು!"

"ಯಾಕೆ ಸುಮ್ನಿರ್ಬೇಕು? ಹೊಸ ವರ್ಷಕ್ಕೆ ಕುಡಿದು ಮಾಡಿದ್ರಲ್ಲ, ಎಡಕ್ಕೆ ಹೊಡಿಯುತ್ತೆ ಅಂತ ಬಿಸಾಕಿದ್ರಲ್ಲ!"

ಅಜ್ಜಿ ಹೋಗಿ ಕೋಳಿಗೂಡಿನ ಬಾಗಿಲಿಗೆ ಅಡ್ಡ ಕೊಟ್ಟಿದ್ದ ಬಿಲ್ಲನ್ನು ಎಳೆದು ತಂದಳು. ಕೋಳಿಗಳೆಲ್ಲ ಹೊರಗೆ ಬಂದವು. ತಾತ ನಾಚಿಕೆಯಿಂದ ಅತ್ತ ತಿರುಗಿ ನಿಂತ. ಆಖಿ ಅದಕ್ಕೆ ಅಂಟಿದ್ದ ಹಿಕ್ಕೆ ಒರೆಸಿ, ಹೊಸ ಹೆದೆ ಕಟ್ಟಿಸಿಕೊಂಡು ಹೊಡೆದ. ಮೊದಲ ಬಾಣ ಕುಂಬಳಕಾಯಿಯ ಸಿಪ್ಪೆ ಸವರಿತು. ಎರಡನೆಯದು ನಡುವಿಗೇ ನೆಟ್ಟಿತು. ಮೂರನೆಯದಕ್ಕೆ ಕಾಯಿ ಎರಡು ಹೋಳಾಯಿತು.

"ಕೊಡು ಇಲ್ಲಿ!" ಎಂದು ಲಾಪು ಅದನ್ನು ಕಿತ್ತುಕೊಂಡು ಕಟ್ಟೆಯ ಮೇಲೆ ಉಳಿದ ಹೋಳಿಗೆ ನೇರವಾಗಿ ಗುರಿಯಿಟ್ಟ. ಬಾಣ ಎಡಕ್ಕೆ ಓಡಿ ಹಂದಿಮರಿಯ ಗೂಟಕ್ಕೆ ನಾಟಿತು. ಬೆದರಿದ ಮರಿ ಹಗ್ಗ ಕಿತ್ತುಕೊಂಡು ಓಡಿತು. ಮೂವರು ಗಂಡಸರು ಅದರ ಹಿಂದೆ ಇಳಿಜಾರೆಲ್ಲ ಸುತ್ತಿ, ಮೈಯೆಲ್ಲ ಮುಳ್ಳು ಮಾಡಿಕೊಂಡು ವಾಪಸು ಬಂದಾಗ, ಮರಿ ಅಜ್ಜಿಯ ಕಾಲಬಳಿ ಕುಂಬಳಕಾಯಿ ತಿನ್ನುತ್ತಿತ್ತು.

"ಆ ಬಿಲ್ಲಿಗೆ ನಾನು ಏನೂ ತಗೊಳ್ಳಲ್ಲ" ಎಂದ ತಾತ. "ಅದನ್ನ ನಾನು ಮಾಡಿದ್ದು ಅಂತ ಮಾತ್ರ ಎಲ್ಲೂ ಹೇಳ್ಬೇಡಿ." ಹಂದಿಮರಿಯನ್ನು ಅಜ್ಜಿ ಬಿಡಲಿಲ್ಲ. ನಾನೂ ಯಾರಿಗೂ ಹೇಳಬಾರದು ಅಂದ್ರೆ ಮರಿ ಇಲ್ಲೇ ಇರ್ಲಿ ಎಂದಳು.

ಇನ್ನು ಉಳಿದದ್ದು ಬೇಟೆ. ಮಂಜು ಬಿಟ್ಟ ಒಂದು ಬೆಳಿಗ್ಗೆ ಮಾವ ಅಳಿಯ ಇಬ್ಬರೂ ಓಕ್ ಕಾಡಿಗೆ ಹತ್ತಿದರು. ಆಖಿಯ ಬಾಣದ ತುದಿಗೆ ವಿಷಬೇರಿನ ರಸ ಹಚ್ಚಿತ್ತು. ಲಾಪು ಮುಂದೆ ಹೋಗಿ, ಒಂದು ಮರಕ್ಕೆ ಒರಗಿ, ಕರಡಿಯ ಕಥೆಯನ್ನು ಮೆಲ್ಲಗೆ ಶುರುಮಾಡಿದ್ದ. ಆಗ ಅವನ ಬೆನ್ನ ಹಿಂದೆ, ಆಖಿಯ ಕಣ್ಣಿಗೆ ಅವನಿಂದ ತುಸು ಎಡಕ್ಕೆ, ಒಂದು ಕಾಡುಕುರಿ ಪೊದೆಯಿಂದ ತಲೆ ಹೊರಹಾಕಿತು.

ಆಖಿ ಬಿಲ್ಲೆತ್ತಿದ. ಕಾಡುಕುರಿಗೆ ತಾಗಬೇಕಿದ್ದರೆ ಗುರಿಯಿಡಬೇಕಿದ್ದ ಜಾಗದಲ್ಲಿ ಅವನ ಮಾವ ಇದ್ದ.

ಲಾಪು ತಿರುಗಿದವನು ತನ್ನ ಎದೆಗೇ ನೆಟ್ಟ ಬಾಣದ ಮೊನೆ ನೋಡಿದ. ಕಥೆ ಅಲ್ಲಿಗೇ ನಿಂತಿತು.

"ಲೋ... ಆಖಿ... ಏನೋ ಮಾಡ್ತಿದ್ದೀಯಾ?"

"ಅಲ್ಲಾಡ್ಬೇಡಿ ಮಾವ."

"ಮದ್ವೆ ಮಾಡ್ಕೊಳೋ! ನಾಳೇನೇ ಮಾಡ್ಕೊ! ನಾನೇನಾದ್ರೂ ಬೇಡ ಅಂದ್ನಾ?"

ಅಷ್ಟೂ ಮಾತು ಕಾಡುಕುರಿಗೆ ಕೇಳಿತು. ಅದು ಜಿಗಿಯಲು ಕಾಲೆತ್ತಿತು, ಲಾಪು ನೆಲಕ್ಕೆ ಕವುಚಿ ಬಿದ್ದ, ಆಖಿ ಕೀಲು ಒತ್ತಿದ. ಬಾಣ ಎಡಕ್ಕೆ ಓಡಿ ಲಾಪುವಿನ ಪಕ್ಕದಿಂದ ಸುಂಯ್ಯೆಂದು ಹಾದು ಹೋಯಿತು. ಕಾಡುಕುರಿ ಸ್ವಲ್ಪ ದೂರ ಓಡಿ ಝರಿಯ ಹತ್ತಿರ ಕುಸಿಯಿತು. ಲಾಪುವನ್ನು ಎಬ್ಬಿಸಲು ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು.

ಬಾಣ ತಾಗಿದ ಕಡೆಯ ಮಾಂಸ ಕೆತ್ತಿ ಎಸೆದು, ಉಳಿದದ್ದನ್ನು ಹೊತ್ತು ಇಳಿದರು. ದಾರಿಯಲ್ಲಿ ಸಿಕ್ಕವರಿಗೆಲ್ಲ ಪಾಲು ಹೋಯಿತು. ಪಾಲಿನ ಜೊತೆಗೆ ಲಾಪು ಮದುವೆಯ ಸುದ್ದಿಯನ್ನೂ ಹಂಚಿದ, ಅಳಿಯ ಬಿಲ್ಲನ್ನು ಇಳಿಸಿದ್ದಾನೋ ಇಲ್ಲವೋ ಎಂದು ಆಗಾಗ ತಿರುಗಿ ನೋಡುತ್ತಾ.

ಮದುವೆಯಲ್ಲಿ ಮಾವ ಅಳಿಯ ಕೆನ್ನೆಗೆ ಕೆನ್ನೆ ಒತ್ತಿ ಒಂದೇ ಬಟ್ಟಲಿನಿಂದ ಜೋಳದ ಹೆಂಡ ಕುಡಿದರು. ಅರ್ಧ ಗಂಟಲಿಗೆ, ಅರ್ಧ ಅಂಗಿಗೆ. ಆಮೇಲಿನ ವರ್ಷಗಳಲ್ಲಿ ಕರಡಿಯ ಕಥೆ ಮೂಲೆಗೆ ಸರಿದು, ಲಾಪು ಈ ಕಥೆಯನ್ನೇ ಹೇಳತೊಡಗಿದ. ಅವನ ಪ್ರಕಾರ ಕಾಡುಕುರಿಯನ್ನು ಮೊದಲು ಕಂಡವನು ಅವನೇ, ಅಳಿಯನಿಗೆ ದಾರಿ ಬಿಡಲೆಂದೇ ಬೇಕಂತಲೇ ಮಲಗಿದ್ದು.

"ಮಲಗಿದ್ಯಾ? ಎರಡು ದಿನ ಪಂಚೆ ಒಣಗಿರ್ಲಿಲ್ಲ" ಎನ್ನುತ್ತಿದ್ದಳು ಆಚ್ಯಾ, ಒಲೆಯ ಹತ್ತಿರದಿಂದ.

"ಇಬ್ಬನಿ ಕಣೇ ಅದು, ಇಬ್ಬನಿ! ಕೇಳು ನಿನ್ನ ಗಂಡನ್ನ."

ಎಲ್ಲರೂ ಆಖಿಯ ಕಡೆ ನೋಡುತ್ತಿದ್ದರು. ಆಖಿ ಬಾಯಲ್ಲಿದ್ದ ಮಾಂಸವನ್ನು ನಿಧಾನವಾಗಿ ಅಗಿದು, ನುಂಗಿ, "ಆವತ್ತು ಇಬ್ಬನಿ ಜಾಸ್ತಿನೇ ಇತ್ತು" ಎನ್ನುತ್ತಿದ್ದ.