ಕಡೇ ಗದ್ದೆಯ ತನಕ ನಡೆಯುವ ಮಾಯಮ್ಮ

ಕಾರ್ತಿಕದ ಮಂಜು ಇನ್ನೂ ಕೆರೆಯ ಮೇಲೆಯೇ ಮಲಗಿದೆ. ತಲೆಗೆ ಟವೆಲ್ ಸುತ್ತಿ, ಸೀರೆಯನ್ನು ಮೊಣಕಾಲ ಮಟ್ಟಕ್ಕೆ ಎತ್ತಿ ಕಟ್ಟಿ, ಹೆಗಲ ಮೇಲೆ ಸನಿಕೆ ಇಟ್ಟುಕೊಂಡ ಹೆಂಗಸೊಬ್ಬರು ಏರಿಯ ಮೇಲೆ ಒಬ್ಬರೇ ನಡೆದು ಬರುತ್ತಿದ್ದಾರೆ. ತೂಬಿನ ಬಳಿ ನಿಂತು ಚಪ್ಪಲಿ ಕಳಚುತ್ತಾರೆ. ಕಣ್ಣು ಮುಚ್ಚುತ್ತಾರೆ, ತುಟಿ ಸ್ವಲ್ಪ ಅಲ್ಲಾಡುತ್ತದೆ. ಆಮೇಲೆ ಕಬ್ಬಿಣದ ಹಿಡಿಗೆ ಎರಡೂ ಕೈ ಕೊಟ್ಟು, ಸೊಂಟದ ಬಲವನ್ನೆಲ್ಲ ಹಾಕಿ ಮೇಲಕ್ಕೆಳೆಯುತ್ತಾರೆ. ಏರಿಯ ಹೊಟ್ಟೆಯೊಳಗೆ ಗುಡುಗುಡು ಎಂದು ಸದ್ದಾಗಿ, ಆಚೆ ಬದಿಯ ಕಾಲುವೆಗೆ ನೀರು ನುಗ್ಗುತ್ತದೆ.

"ದಿನಾ ಎತ್ತೋ ತೂಬೇ ಸಾ. ಆದ್ರೂ ನೀರು ಬತ್ತದೋ ಇಲ್ವೋ ಅಂತ ಎದೆ ಡವಡವ ಅಂತದೆ. ಬಂದ್ಮೇಲೆ ನಗು ಬತ್ತದೆ" ಎಂದು, ಅವರ ಬಗ್ಗೆ ಬರೆಯಲು ಬಂದ ನನಗೆ ಹೇಳುತ್ತಾರೆ ಮಾಯಮ್ಮ.

ದುದ್ದ ಹೋಬಳಿಯ ಹಿರೇಕಟ್ಟೆ ಎಂಬ ಊರಿಗೆ ಇವರು ನೀರುಗಂಟಿ. ಕೆರೆಯ ನೀರನ್ನು ಪಾಳಿ ಪ್ರಕಾರ ಗದ್ದೆಗಳಿಗೆ ಹಂಚುವುದು ಕೆಲಸ. ಮೊದಲು ಗಂಡ ದ್ಯಾವಯ್ಯ ಮಾಡುತ್ತಿದ್ದರು. ಒಂದು ಮಳೆಗಾಲದಲ್ಲಿ ಕಾಲುವೆ ಬದುವಿನ ಮೇಲೆ ಅವರಿಗೆ ಹಾವು ಕಚ್ಚಿತು. ಪ್ರಾಣ ಉಳಿಯಿತು, ಕಾಲು ಮರಗಟ್ಟಿತು. ಅಂದಿನಿಂದ ಸನಿಕೆ ಮಾಯಮ್ಮನ ಹೆಗಲಿಗೆ ಬಂತು. ಹೆಂಗಸಿನ ಕೈಗೆ ತೂಬು ಕೊಡುವುದುಂಟೇ ಎಂದವರೂ ಇದ್ದರು. ಈಗ ಪಾಳಿ ತಡವಾದರೆ ಅವರೇ ಬಂದು ಬಾಗಿಲಲ್ಲಿ ಕೂಗುತ್ತಾರೆ.

ತೂಬೆತ್ತಿದರೆ ಕೆಲಸ ಮುಗಿಯುವುದಿಲ್ಲ. ನೀರಿನ ಜೊತೆ ನಡೆಯಬೇಕು. ಏಡಿ ಕೊರೆದ ತೂತು ಮುಚ್ಚಬೇಕು, ಜೊಂಡು ಕಿತ್ತೆಸೆಯಬೇಕು, ಯಾವನೋ ರಾತ್ರಿ ಕದ್ದು ಒಡೆದ ಬಾಯಿಗೆ ಮಣ್ಣು ಮೆತ್ತಬೇಕು. ಕಡೇ ಗದ್ದೆ ಮುಟ್ಟುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದಿರುತ್ತದೆ. ಇದಕ್ಕೆ ಸಂಬಳವಿಲ್ಲ. ಕೊಯ್ಲಾದ ಮೇಲೆ ಪ್ರತಿ ಕಣದಿಂದ ಒಂದಿಷ್ಟು ಭತ್ತ ಕೊಡುತ್ತಾರೆ. ಅದಕ್ಕೆ 'ಆಯ' ಎಂದು ಹೆಸರು. ಆಯ ಕೊಡುವುದು, ಕಾಲುವೆಯ ಹೂಳೆತ್ತಲು ಮನೆಗೊಂದಾಳು ಕಳಿಸುವುದು, ಇವೆರಡನ್ನೂ ತಪ್ಪಿಸಿದವನಿಗೆ ನೀರಿಲ್ಲ ಎನ್ನುವುದು ಊರಿನ ಹಳೆಯ ಕಟ್ಟುಪಾಡು.

ಮಾಯಮ್ಮ ಕ್ರೈಸ್ತರು. ಮನೆಯ ಒಂದೇ ಗೋಡೆಯಲ್ಲಿ ಬುದ್ಧನ ಪಟವೂ ಇದೆ, ಮರದ ಶಿಲುಬೆಯೂ ಇದೆ. ಪಟ ಮಗ ಭೀಮನದು, ಶಿಲುಬೆ ತಾಯಿಯದು. "ನಂದು ಎರಡೂ ಅಲ್ಲ, ನಂದು ಗೋಡೆ" ಎಂದು ದ್ಯಾವಯ್ಯ ಜಗಲಿಯಿಂದಲೇ ಸೇರಿಸುತ್ತಾರೆ.

ಶಿಲುಬೆ ಈ ಮನೆಗೆ ಬಂದದ್ದು ಹಾವು ಕಚ್ಚಿದ ವರ್ಷವೇ. ಹಾಸನದ ಒಂದು ಮಿಷನ್ ಆಸ್ಪತ್ರೆಯಲ್ಲಿ ಗಂಡನ ಮಂಚದ ಪಕ್ಕ ಕೂತು ಮಾಯಮ್ಮ ನೆನಪಾದ ದೇವರಿಗೆಲ್ಲ ಹರಕೆ ಹೊತ್ತಿದ್ದರು. ಗಂಡ ಕಣ್ಣು ಬಿಟ್ಟ ಬೆಳಿಗ್ಗೆ, ಅರಕಲಗೂಡು ಕಡೆಯ ನರ್ಸಮ್ಮನ ಸೆರಗು ಹಿಡಿದು ಕೇಳಿದರಂತೆ.

"ನಿಮ್ ದೇವ್ರಿಗೆ ಏನ್ ಕೊಡ್ಬೇಕು ಯೋಳವ್ವ. ಕೋಳಿನಾ, ಮುಡಿನಾ?"

"ಏನೂ ಬ್ಯಾಡ ಕಣಮ್ಮ. ಅವನೇ ಕೊಟ್ಟಾಗಿದೆ. ನಮಗಾಗಿ ತನ್ ಪ್ರಾಣನೇ ಕೊಟ್ಬುಟ್ಟವ್ನೆ."

"ನಾವೇನ್ ಮಾಡಿದ್ವಿ ಅಂತ ಕೊಟ್ಟ?"

"ಏನೂ ಮಾಡಿರ್ಲಿಲ್ಲ."

ಮಾಯಮ್ಮನಿಗೆ ಇದು ಹಿಡಿಸಲಿಲ್ಲ. "ಬಿಟ್ಟಿ ಕೊಡೋರ್ನ ಕಂಡ್ರೆ ನಂಗೆ ಮೊದ್ಲಿಂದ್ಲೂ ಅನುಮಾನ ಸಾ. ಇವತ್ತು ಕೊಟ್ಟು ನಾಳೆ ಜೀತಕ್ಕೆ ಕರೀತಾರೆ. ದೇವ್ರೂ ಅಂಗೇ ಇರ್ಬೇಕು ಅನ್ಕಂಡೆ." ವರ್ಷವಾಯಿತು. ಯಾರೂ ಏನೂ ಕೇಳಿಕೊಂಡು ಬರಲಿಲ್ಲ. ಒಂದು ದಿನ ಕಾಲುವೆಯ ಜೊತೆ ನಡೆಯುವಾಗ ಹೊಳೆಯಿತಂತೆ: "ಗದ್ದೆ ಎದ್ದು ತೂಬ್ತಾವ ಬರಕ್ಕಾಯ್ತದಾ? ಬಿರುಕು ಬಿಟ್ಕಂಡು ಬಿದ್ದಿರ್ತದೆ ಅಷ್ಟೇಯಾ. ನೀರೇ ಅದ್ರತಾವ ಓಗ್ಬೇಕು. ನಮ್ ಕೈಲಿ ಅವನತಾವ ಓಗಕ್ಕಾಗ್ದೆ ಬಿದ್ದಿದ್ವಲ್ಲ, ಅದಕ್ಕೇ ಅವನೇ ಬಂದ. ಬಂದವನ್ನ ಶಿಲುಬೆಗೆ ಒಡೆದು ಕೊಂದ್ರು. ಆದ್ರೂ ನಿಂತ್ಕಳ್ಲಿಲ್ಲ ಅವನ ಪ್ರೀತಿ." ಅಂದಿನಿಂದ ಭಾನುವಾರಗಳಲ್ಲಿ ದುದ್ದದ ಬಸ್ಸು ಹಿಡಿದು ಹಾಸನದ ಚರ್ಚಿಗೆ ಹೋಗಿಬರುತ್ತಾರೆ.

ಇದು ಚನ್ನಪ್ಪನವರಿಗೆ ಸರಿಬರಲಿಲ್ಲ. ಊರಿನ ಹಳೆಯ ಜಮೀನುದಾರರು, ಅಚ್ಚುಕಟ್ಟಿನ ಕಡೇ ಗದ್ದೆ ಅವರದು. "ಊರ ದೇವ್ರು ಬುಟ್ಟೋಳಿಗೆ ಊರ ಆಯ ಯಾಕೆ? ನಿನ್ ಏಸುನ್ನೇ ಕೇಳೋಗು" ಎಂದು ಕಣದಿಂದ ಬರಿಗೈಲಿ ಕಳಿಸಿದರು. ಹೂಳೆತ್ತಲು ಆಳು ಕಳಿಸುವುದನ್ನೂ ನಿಲ್ಲಿಸಿದರು. ಮಾಯಮ್ಮ ಮಾತ್ರ ಪ್ರತಿ ಕೊಯ್ಲಿಗೂ ಅವರ ಕಣಕ್ಕೆ ಹೋಗಿ ನೇರ ನಿಂತು ಕೇಳುತ್ತಾರೆ. ಪ್ರತಿ ಸಲವೂ ಅದೇ ಉತ್ತರ ಕೇಳಿ ವಾಪಸಾಗುತ್ತಾರೆ.

ಈ ವರ್ಷ ಮಳೆ ಬೇಗ ಹಿಂದೆ ಸರಿಯಿತು, ಕೆರೆ ಅರ್ಧಕ್ಕೇ ನಿಂತಿತು. ನೀರಿನ ಸಮಿತಿ ಹಳೆಯ ಕಟ್ಟುಪಾಡನ್ನು ಬಿಗಿ ಮಾಡಿತು. ಸಮಿತಿಯ ಮುಖ್ಯಸ್ಥ ನಾಗೇಶ್ ತಾವೇ ನಿಂತು ಚನ್ನಪ್ಪನವರ ಗದ್ದೆಗೆ ನೀರು ಹೋಗುವ ಬಾಯಿಗೆ ಕಲ್ಲು ಮಣ್ಣು ತುಂಬಿಸಿದರು. ಅದನ್ನು ತೆರೆದರೆ ತೂಬು ಮಾಯಮ್ಮನ ಕೈ ತಪ್ಪಿ ಬೇರೆಯವರಿಗೆ ಹೋಗುತ್ತದೆ ಎಂದೂ ಸಾರಿದರು. ಚನ್ನಪ್ಪನವರ ಭತ್ತ ಈಗ ಹಾಲುಗಾಳಿನ ಹಂತದಲ್ಲಿದೆ, ಕಾಳಿನೊಳಗೆ ಇನ್ನೂ ಹಾಲು. ಇನ್ನೊಂದು ನೀರು ಸಿಕ್ಕರೆ ಕಾಳು, ಸಿಗದಿದ್ದರೆ ಜೊಳ್ಳು. ಉಳಿದ ಎಲ್ಲರ ಪಾಳಿ ನಿನ್ನೆಗೇ ಮುಗಿದಿದೆ. ಇವತ್ತು ಮಾಯಮ್ಮ ಬಿಟ್ಟ ನೀರು ಆ ಒಂದು ಗದ್ದೆಗೆ.

ಹಿಂದಿನ ಸಂಜೆ ಮನೆಯಲ್ಲಿ ಇದೇ ಮಾತು. ಹಾಸನದಲ್ಲಿ ಗೂಡ್ಸ್ ಆಟೋ ಓಡಿಸುವ ಭೀಮ ಅನ್ನದ ತಟ್ಟೆ ಮುಂದಿಟ್ಟುಕೊಂಡೇ ಕೇಳಿದ.

"ಪ್ರೀತಿ ಪ್ರೀತಿ ಅಂತೀಯಲ್ಲವ್ವ, ತಲೆ ಬಗ್ಸೋದ್ಕೆ ಇನ್ನೊಂದ್ ಹೆಸ್ರಾ ಅದು? ನಮ್ಮ ತಾತಂದ್ರೂ ಬಗ್ಸೇ ಇದ್ರು."

"ನಾನ್ ಎಲ್ ಬಗ್ಸಿದ್ನೋ ತೋರ್ಸ್ಲಾ. ಆಯ ಕೇಳೋದ್ ಬಿಟ್ಟಿದ್ನಾ? ಸಾಯೋಗಂಟ ಕೇಳ್ತೀನಿ, ಅದು ನನ್ ಹಕ್ಕು. ಆದ್ರೆ ಅವ್ನು ಕೊಡ್ಲಿಲ್ಲ ಅಂತ ಕಾಳು ಕಟ್ಟೋ ಪೈರ್ನ ಸಾಯ್ಸಾಕಿಲ್ಲ. ದೇವ್ರು ನನ್ನ ಲೆಕ್ಕ ಇಟ್ಕಂಡು ನೋಡಿದ್ರೆ ನಿಮ್ಮಪ್ಪ ಇವತ್ತು ಜಗಲೀಲಿ ಕುಂತು ಬೀಡಿ ಸೇದ್ತಿದ್ನೇನ್ಲಾ?"

"ನಾನ್ ಬೀಡಿ ಬಿಟ್ಟು ತಿಂಗಳಾಯ್ತು" ಎಂದರು ದ್ಯಾವಯ್ಯ. ಯಾರೂ ನಂಬಲಿಲ್ಲ.

ಭೀಮ ಒಪ್ಪಲಿಲ್ಲ. ಕೈ ತೊಳೆದು ಬಂದು, "ತೂಬು ಕಿತ್ಕಂಡ್ರೆ?" ಎಂದ. ಮಾಯಮ್ಮ ಅವನ ತಟ್ಟೆ ಎತ್ತಿಕೊಂಡರು. "ಕಿತ್ಕಂಡ್ರೆ ಅಳ್ತೀನಿ ಕಣಪ್ಪ. ಆ ಕೆಲ್ಸ ಅಂದ್ರೆ ನಂಗೆ ಪ್ರಾಣ."

ಈಗ ನೀರು ತೆಂಗಿನ ಸಾಲು ದಾಟಿ ಕಡೇ ಗದ್ದೆಯ ಬಾಯಿಗೆ ಬಂದು ತಡೆದು ನಿಂತಿದೆ. ಮಾಯಮ್ಮ ಸನಿಕೆಯಿಂದ ಮಣ್ಣು ಬಗೆದು, ಒಂದೊಂದೇ ಕಲ್ಲು ಎತ್ತಿ ಬದುವಿಗೆ ಇಡುತ್ತಾರೆ. ಕಡೆಯ ಕಲ್ಲು ಅಲ್ಲಾಡುವ ಹೊತ್ತಿಗೆ ನಾಗೇಶ್ ಅವರ ಬೈಕು ಬರುತ್ತದೆ.

"ಮಾಯಮ್ಮ! ನಿಂಗೇನು ತಲೆ ಕೆಟ್ಟದಾ? ನಿನ್ ಪರವಾಗೇ ಕಣಮ್ಮ ಕಟ್ಟಿಸಿದ್ದು ಅದ್ನ!"

"ನನ್ ಪರವಾಗಿ ಒಂದ್ ಗದ್ದೆ ಒಣಗ್ಬೇಕಾ ನಾಗೇಶಪ್ಪ? ಅಂಥ ದೊಡ್ಡ ಮನ್ಸಿ ನಾನಲ್ಲ."

"ಇಂಗೇ ಬಿಟ್ರೆ ನಾಳೆ ಯಾವನೂ ಆಯ ಕೊಡಲ್ಲ, ಯಾವನೂ ಹೂಳೆತ್ತಲ್ಲ. ಊರು ನಡಿಯೋದೆಂಗೆ?"

ಮಾಯಮ್ಮ ಕೈಯ ಮಣ್ಣು ಒರೆಸಿಕೊಳ್ಳುತ್ತಾರೆ. "ಅದು ನಂಗೊತ್ತಿಲ್ಲಪ್ಪ. ನೀನ್ ಯೋಳೋದೂ ಸರಿಯೇ. ನನ್ ತೂಬು ಕಿತ್ಕಳೋದಾದ್ರೆ ಕಿತ್ಕೋ. ಈ ನೀರೊಂದ್ ಓಗ್ಲಿ." ಸನಿಕೆಯನ್ನು ಅವರ ಕಡೆ ಚಾಚುತ್ತಾರೆ. "ಇಲ್ಲ, ಮುಚ್ಲೇಬೇಕು ಅಂದ್ರೆ ನೀನೇ ಮುಚ್ಚು. ನನ್ ಕೈಲಾಗಲ್ಲ."

ನಾಗೇಶ್ ಸನಿಕೆ ತೆಗೆದುಕೊಳ್ಳುತ್ತಾರೆ. ಗದ್ದೆಯ ಅಂಚಿಗೆ ಹೋಗಿ ಒಂದು ತೆನೆ ಕಿತ್ತು, ಕಾಳನ್ನು ಉಗುರಲ್ಲಿ ಒತ್ತಿ ನೋಡುತ್ತಾರೆ. ಬೆರಳಿಗೆ ಹಾಲು ಅಂಟುತ್ತದೆ. ಪಕ್ಕದ ತೆನೆಯದು ಆಗಲೇ ಖಾಲಿ ಸಿಪ್ಪೆ. ರೈತನ ಮಗ, ಬೆರಳನ್ನು ಬಟ್ಟೆಗೆ ಒರೆಸಿಕೊಳ್ಳುತ್ತಾರೆ. ಆಮೇಲೆ ಸನಿಕೆಯ ತುದಿಯಿಂದ ಆ ಕೊನೆಯ ಕಲ್ಲನ್ನು ಮೀಟಿ ತೆಗೆಯುತ್ತಾರೆ.

"ಈ ಸಲಕ್ಕೆ ಅಷ್ಟೇ. ಹೂಳೆತ್ತೋಕೆ ಅವನ ಮನೆ ಆಳು ಬರೋವಂಗೆ ನಾನ್ ಮಾಡ್ತೀನಿ, ಅದು ನನ್ ಕೆಲ್ಸ. ತೂಬು ನಿನ್ ಹತ್ರನೇ ಇರ್ಲಿ" ಎಂದು ಗೊಣಗಿ ಬೈಕು ಹತ್ತುತ್ತಾರೆ.

ನೀರು ಒಳಗೆ ನುಗ್ಗಿ, ಬಿರುಕುಗಳನ್ನು ತುಂಬಿಕೊಳ್ಳುತ್ತ, ಗುಳುಗುಳು ಎನ್ನುತ್ತ ಹರಡುತ್ತಿದೆ. ಮಾಯಮ್ಮ ಬದುವಿನ ಮೇಲೆ ಕುಕ್ಕರುಗಾಲಲ್ಲಿ ಕೂತು ಅದನ್ನು ನೋಡುತ್ತಾರೆ. "ಸ್ತೋತ್ರ ಸ್ವಾಮಿ" ಎಂದು ಮೆಲ್ಲಗೆ ಅನ್ನುತ್ತಾರೆ.

ಅಷ್ಟರಲ್ಲಿ ತೆಂಗಿನ ಸಾಲಿನ ಆಚೆಯಿಂದ ಚನ್ನಪ್ಪನವರು ಬರುತ್ತಾರೆ. ನಿಂತು ಗದ್ದೆ ನೋಡುತ್ತಾರೆ, ಮಾಯಮ್ಮನನ್ನು ನೋಡುವುದಿಲ್ಲ. ಗಂಟಲು ಸರಿಮಾಡಿಕೊಂಡು, "ಆ ಮೂಲೆಗಿನ್ನೂ ಬಂದಿಲ್ಲ. ಇನ್ನೊಂದ್ ಗಳಿಗೆ ಬುಡು" ಎಂದು ಹೇಳಿ ಬಂದ ದಾರಿಯಲ್ಲೇ ತಿರುಗುತ್ತಾರೆ.

ಮಾಯಮ್ಮನಿಗೆ ನಗು ತಡೆಯಲಾಗುವುದಿಲ್ಲ. ಟವೆಲ್ಲಿನ ತುದಿಯಿಂದ ಕಣ್ಣೊರೆಸಿಕೊಂಡು ನಗುತ್ತಾರೆ.

"ನೋಡಿದ್ರಾ ಸಾ. ಕೊಟ್ಟಿದ್ಕೆ ಒಂದ್ ಮಾತಿಲ್ಲ, ಇನ್ನೂ ಬೇಕು ಅಂತಾನೆ. ದೇವ್ರ ಮುಂದೆ ನಾನೂ ದಿನಾ ಇಂಗೇ ಕಣ್ ಸಾ ನಿಂತ್ಕಳೋದು. ಆತ ಒಂದಿನಾನೂ ಬೇಜಾರ್ ಮಾಡ್ಕಂಡಿಲ್ಲ."

ಎದ್ದು, ಸನಿಕೆ ಹೆಗಲಿಗೇರಿಸಿಕೊಂಡು, ಆ ಮೂಲೆಗೆ ನೀರು ಹಾಯಿಸಲು ಗದ್ದೆಗಿಳಿಯುತ್ತಾರೆ.