ಮಸಾಲೆ ಡಬ್ಬಿಯ ಗುಳಿಗೆಗಳು

ಮಸಾಲೆ ಡಬ್ಬಿಯಲ್ಲಿ ಏಳು ಬಟ್ಟಲು, ವಾರಕ್ಕೆ ಏಳು ದಿನ. ಸಕ್ಕರೆ ಕಾಯಿಲೆ, ಬಿಪಿ, ಥೈರಾಯ್ಡ್ ಎಂದು ದಿನಕ್ಕೆ ಐದು ಗುಳಿಗೆ ನನ್ನ ಪಾಲಿಗೆ ಬಂದಾಗ, ಹೊಸ ಡಬ್ಬಿಯೊಂದನ್ನು ತಂದು, ಪ್ರತಿ ಭಾನುವಾರ ಪಟ್ಟಿಯಿಂದ ಗುಳಿಗೆ ಒತ್ತಿ ತೆಗೆದು ಬಟ್ಟಲುಗಳಿಗೆ ತುಂಬತೊಡಗಿದೆ. ಹುಮನಾಬಾದಿನ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದವಳು ನಾನು. ಇಷ್ಟು ಅಚ್ಚುಕಟ್ಟು ಊರಲ್ಲಿ ಇನ್ನಾರಿಗಿದೆ ಎಂಬ ಜಂಬ ಬೇರೆ.

ನನ್ನ ಸೊಸೆಗೆ ಇದು ಸರಿಬರಲಿಲ್ಲ. ಆಕೆ ಊರಾಚೆಯ ಔಷಧಿ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ ಮಾಡುತ್ತಾಳೆ.

“ಅತ್ತಿ, ಗುಳಗಿ ಬಿಚ್ಚಿ ಇಡಬ್ಯಾಡ್ರಿ. ಪಟ್ಟಿ ಹೋದ್ರ ಹೆಸರೂ ಹೋತು. ಬಿಳೀವೆಲ್ಲಾ ಒಂದೇ ನಮೂನಿ ಕಾಣ್ತಾವರಿ.”

“ನಲವತ್ತು ಹುಡುಗ್ರ ಹೆಸರು ಮಾರಿ ನೋಡಿ ಹೇಳಾಕಿ ನಾ. ಐದು ಗುಳಗಿ ಗುರ್ತು ಸಿಗಂಗಿಲ್ಲೇನು? ನೀ ನನಗ ಕಲಸ್ತಿ?” ಎಂದು ಗದರಿದೆ.

ಬೇಸಿಗೆಯಲ್ಲಿ ಬಸವಕಲ್ಯಾಣದ ತಂಗಿಯ ಮನೆಗೆ ಹೋದಾಗ ಸಕ್ಕರೆ ಏರಿತು. ಸುಳ್ಳು ಯಾಕೆ ಹೇಳಲಿ, ಮಾವಿನಹಣ್ಣು ಬಿಟ್ಟಿರಲಿಲ್ಲ. ಅಲ್ಲಿಯ ಡಾಕ್ಟರು ಹೊಸ ಗುಳಿಗೆ ಬರೆದು, “ಹಳೇ ಸಕ್ಕರಿ ಗುಳಗಿ ಇವತ್ತೇ ಬಂದ್ ಮಾಡ್ರಿ. ಎರಡೂ ಕೂಡಿ ತಗೊಂಡ್ರ ಜೀವಕ್ಕ ಅಪಾಯ ಅದ” ಎಂದರು. ಡಬ್ಬಿಯಲ್ಲಿ ಎರಡು ಬಗೆಯ ಬಿಳಿ ಗುಳಿಗೆಗಳಿದ್ದವು: ಒಂದು ಸಕ್ಕರೆಯದು, ಒಂದು ಬಿಪಿಯದು. ಸಕ್ಕರೆಯದೆಂದು ಒಂದನ್ನು ಎಲ್ಲ ಬಟ್ಟಲುಗಳಿಂದಲೂ ಆರಿಸಿ ಬಿಸಾಡಿದೆ. ಒಂದು ಕ್ಷಣವೂ ಅನುಮಾನ ಬರಲಿಲ್ಲ.

ಊರಿಗೆ ಮರಳಿದ ಮರುದಿನ ಮಧ್ಯಾಹ್ನ ರೊಟ್ಟಿ ಬಡಿಯುತ್ತಿದ್ದಾಗ ಮೈಯೆಲ್ಲ ಬೆವೆತು, ಕೈ ನಡುಗಿ, ಒಲೆಯ ಪಕ್ಕದಲ್ಲೇ ಕುಸಿದೆ. ಸೊಸೆ ಕೆಲಸಕ್ಕೆ ಹೊರಟು ಚಪ್ಪಲಿ ಮೆಟ್ಟುತ್ತಿದ್ದಳು. ಓಡಿಬಂದು ನನ್ನ ತಲೆಯನ್ನು ತೊಡೆಗಾನಿಸಿ, ಸಕ್ಕರೆ ನೀರನ್ನು ಗುಟುಕು ಗುಟುಕಾಗಿ ಕುಡಿಸಿದಳು. ನನಗೆ ಕೊಂಚ ಜೀವ ಬಂದು ಹೊಸ ಗುಳಿಗೆಯ ವಿಷಯ ಹೇಳಿದಮೇಲೆ ಕಪಾಟಿನಲ್ಲಿ ಉಳಿದಿದ್ದ ಪಟ್ಟಿಗಳಿಂದ ಒಂದೊಂದು ಗುಳಿಗೆ ಒತ್ತಿ ತೆಗೆದು, ಡಬ್ಬಿಯವುಗಳ ಪಕ್ಕಕ್ಕಿಟ್ಟು ನೋಡಿದಳು.

“ಅಯ್ಯ ನನ್ನವ್ವ! ನೀವು ಬಂದ್ ಮಾಡಿದ್ದು ಬಿಪಿ ಗುಳಗಿರಿ. ಸಕ್ಕರಿದು ಎರಡೆರಡು ನುಂಗಾಕತ್ತೀರಿ!”

ಬುದ್ಧಿವಂತನಿಗೆ ಮೂರು ಕಡೆ ಹೇಸಿಗೆ ಅಂತಾರಲ್ಲ, ನನ್ನ ಪಾಡು ಹಾಗಾಯಿತು. ಆಟೋ ಹತ್ತಿಸಿ ಆಸ್ಪತ್ರೆಗೆ ಕರೆದೊಯ್ದಳು. ಎರಡು ದಿನ ಅಲ್ಲೇ ಇರಬೇಕಾಯಿತು. ಆಕೆಯೂ ರಜೆ ಹಾಕಿ ನನ್ನ ಜೊತೆಗೇ ಇದ್ದಳು. ಹಾಸಿಗೆಯ ಮೇಲೆ ಪಟ್ಟಿಗಳನ್ನು ಹರಡಿಕೊಂಡು, ಹಿಂದಿನ ಸಣ್ಣ ಅಕ್ಷರಗಳನ್ನು ಓದಿ ಓದಿ ಹೇಳಿದಳು. ನಾನು ಶಾಲೆಯ ಮಗುವಿನಂತೆ ಒಂದು ಹಾಳೆಯಲ್ಲಿ ಬರೆದುಕೊಂಡೆ: ಹೆಸರು, ಯಾತಕ್ಕೆ, ಯಾವ ಹೊತ್ತಿಗೆ. ಈಗ ಪಟ್ಟಿ ಬಿಚ್ಚುವುದಿಲ್ಲ. ಬೆಳಗಿನವು ಒಂದು ಚೀಲದಲ್ಲಿ, ರಾತ್ರಿಯವು ಇನ್ನೊಂದರಲ್ಲಿ. ನುಂಗಿದ ಕೂಡಲೇ ಕ್ಯಾಲೆಂಡರಿನಲ್ಲಿ ಗೆರೆ. ಆಕೆ ಇರದಿದ್ದರೆ ಇದನ್ನು ಬರೆಯಲು ನಾನೇ ಇರುತ್ತಿರಲಿಲ್ಲ. ಆ ಋಣ ದೊಡ್ಡದು.

ಮನೆಗೆ ಕಳಿಸುವ ಮುನ್ನ ಡಾಕ್ಟರು ಹಾಳೆ ನೋಡಿ, “ಈ ತಪ್ಪು ಯಾರು ಹಿಡದ್ರಿ?” ಎಂದು ಕೇಳಿದರು.

“ನನ್ನ ಸೊಸಿರಿ. ಆಕಿ ಮದಲೇ ಹೇಳಿದ್ಲು. ನಾನೇ ಕೇಳಲಿಲ್ಲ,” ಎಂದೆ.

ಪಕ್ಕದಲ್ಲಿ ನಿಂತಿದ್ದ ಆಕೆ ಕಿಟಕಿಯತ್ತ ತಿರುಗಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಕೆ ನಮ್ಮ ಮನೆಗೆ ಬಂದು ಒಂಬತ್ತು ವರ್ಷವಾಗಿತ್ತು. ಆಕೆಯ ಮಾತು ಸರಿ ಎಂದು ನಾಲ್ಕು ಜನರೆದುರು ನಾನು ಹೇಳಿದ್ದು ಅದೇ ಮೊದಲು.