ಕೂಲಿಂಗ್ ಟವರಿನ ಗುರುರಾಜರು ತಿದ್ದಿದ ವರದಿ

ವಾಹನಗಳ ಬಿಡಿಭಾಗ ತಯಾರಿಸುವ ಉದ್ಯಮದಲ್ಲಿ ಆಕ್ಸಲ್ ಹದಗೊಳಿಸುವವರಿಗೆ ಹೆಸರಿದೆ. ಅವರ ಯಂತ್ರಗಳಿಗೆ ತಣ್ಣೀರು ಒದಗಿಸುವವರಿಗಿಲ್ಲ. ಶಂಶಾಬಾದಿನಾಚೆಯ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ, ಯಂತ್ರಗಳಿಂದ ಕಾದು ಬಂದ ನೀರನ್ನು ತಣಿಸುವ ಕೂಲಿಂಗ್ ಟವರ್‌ಗಳನ್ನು ನೋಡಿಕೊಂಡು ಈಗ ನಿವೃತ್ತರಾಗುತ್ತಿರುವ ಶ್ರೀ ಗುರುರಾಜರು ಈ ಹೆಸರಿಲ್ಲದವರಲ್ಲಿ ಹಿರಿಯರು. "ನನ್ನ ಬಗ್ಗೆ ಬರೀತೀರಂದ್ರ ಲಿಂಗಣ್ಣನ್ನ ಬಿಟ್ಟು ಬರೀಬ್ಯಾಡ್ರಿ" ಎಂಬ ಒಂದೇ ಷರತ್ತಿನ ಮೇಲೆ ಅವರು ಈ ಲೇಖನಕ್ಕೆ ಒಪ್ಪಿದರು.

ಸೇರಿದ ಹೊಸದರಲ್ಲೇ ಅವರೊಂದು ಪದ್ಧತಿ ಹಾಕಿಕೊಟ್ಟರು. ಟವರಿನ ತುದಿಯಲ್ಲಿ ಆಳುದ್ದದ ರೆಕ್ಕೆಗಳ ಫ್ಯಾನು. ಅದರೊಳಗೆ ಇಳಿಯುವವರು ಯಾರೇ ಇರಲಿ, ಹೊರಗೆ ಯಾರೂ ಫ್ಯಾನು ಹಾಕದಂತೆ ಮೊದಲು ಅದರ ಮೂರೂ ಫ್ಯೂಸು ಕಿತ್ತು ಇಳಿಯುವವರ ಜೇಬಿಗೇ ಹಾಕುವುದು. ನೀರು ಪರೀಕ್ಷಿಸಲು ಬಂದ ಶೋಭಾ ಏಣಿ ಹತ್ತಲು ಹೆದರಿದಾಗ, ತಿಂಗಳುಗಟ್ಟಲೆ ತಾವೇ ಮೇಲಿನಿಂದ ಸ್ಯಾಂಪಲ್ ತಂದುಕೊಟ್ಟು ಯಾರಿಗೂ ತಿಳಿಯಗೊಡದವರೂ ಅವರೇ.

ಒಂಬತ್ತು ವರ್ಷದ ಹಿಂದೆ, ಮೇ ತಿಂಗಳ ಒಂದು ಮಧ್ಯಾಹ್ನ, ಫ್ಯಾನು ಸದ್ದು ಮಾಡುತ್ತಿದೆಯೆಂದು ಫಿಟ್ಟರ್ ಲಿಂಗಣ್ಣ ಟವರಿನ ನೀರಿಗೆಂದು ರೇನ್‌ಕೋಟು ತೊಟ್ಟು ಒಳಗಿಳಿಯಲು ಸಿದ್ಧನಾದ. ಗುರುರಾಜರು ಫ್ಯೂಸು ಕಿತ್ತು ನೀಡಿದರು.

"ಈ ರೇನ್‌ಕೋಟಿಗೆ ಜೇಬು ಎಲ್ಲೈತ್ರಿ ಅಣ್ಣಾರ? ನೀವ ಇಟ್ಕೋರಿ. ಎಲ್ಲಿ ಓಡಿ ಹೋಗ್ತೀರಿ?" ಎಂದು ನಕ್ಕು ಅವನು ಇಳಿದ.

ಅಷ್ಟರಲ್ಲಿ ಫೋನು ಬಂತು. ನೀರು ಕಾದು ಆಕ್ಸಲ್ ಲೈನು ನಿಲ್ಲುವುದರಲ್ಲಿತ್ತು. ಗುರುರಾಜರು ಫ್ಯೂಸುಗಳನ್ನು ಪ್ಯಾನೆಲ್ ಮೇಲಿಟ್ಟು ವಾಲ್ವ್ ತಿರುಗಿಸಲು ಓಡಿದರು. ಎರಡನೇ ಪಾಳಿಗೆ ಬಂದ ಎಲೆಕ್ಟ್ರಿಷಿಯನ್, ಯಾರೋ ಮರೆತಿದ್ದಾರೆಂದುಕೊಂಡು ಅವನ್ನು ಕೂರಿಸಿ ಫ್ಯಾನು ಹಾಕಿದ. ಲಿಂಗಣ್ಣ ಉಳಿಯಲಿಲ್ಲ.

ಮರುದಿನ ಮ್ಯಾನೇಜರ್ ವಿಶ್ವಜಿತ್ ವರದಿ ಮುಂದಿಟ್ಟರು. ಲಿಂಗಣ್ಣ ಯಾರಿಗೂ ಹೇಳದೆ ಒಳಹೊಕ್ಕನೆಂದು ಅದರಲ್ಲಿತ್ತು.

"ಸಹಿ ಹಾಕ್ರಿ. ಸತ್ತಾಂವಗ ಇದರಿಂದ ಏನ್ ಆಗೂದೈತಿ? ನಿಮ್ಮ ನೌಕ್ರಿ ಉಳೀತೈತಿ."

ಮನೆಯಲ್ಲಿ ಕಾಲೇಜಿಗೆ ಹೋಗುವ ಇಬ್ಬರು ಮಕ್ಕಳಿದ್ದರು. ಆದರೂ ಗುರುರಾಜರು ಆ ಸಾಲು ಹೊಡೆದುಹಾಕಿ ಬರೆದರು: "ಆತ ನನಗೆ ಹೇಳಿಯೇ ಒಳಗಿಳಿದ. ಫ್ಯೂಸು ನನ್ನ ಕೈಯಲ್ಲಿದ್ದವು. ಪ್ಯಾನೆಲ್ ಮೇಲೆ ಇಟ್ಟುಹೋದವನು ನಾನು." ಮೂರು ತಿಂಗಳು ಅಮಾನತಾದರು. ಮುಂದೆ ಬಡ್ತಿಯೆಂಬುದು ಅವರ ಬಳಿ ಸುಳಿಯಲಿಲ್ಲ.

ಕಳೆದ ವಾರದ ಬೀಳ್ಕೊಡುಗೆಗೆ ಲಿಂಗಣ್ಣನ ಹೆಂಡತಿ, ಕ್ಯಾಂಟೀನಿನ ಸುಂದರಾಬಾಯಿ, ಚಹಾ ತಂದಳು. ಒಂಬತ್ತು ವರ್ಷದಲ್ಲಿ ಅವರೊಡನೆ ಮಾತಾಡಿರಲಿಲ್ಲ.

"ಸತ್ತಾಂವನ ಮ್ಯಾಲ ತಪ್ಪು ಹೊರಸಲಿಲ್ಲ ನೀವು. ಭಾಳ ಉಪಕಾರ ಆತ್ರಿ," ಎಂದಳು. "ಹಂಗಂತ ಮಾಫ್ ಮಾಡೀನಿ ಅನ್ಕೋಬ್ಯಾಡ್ರಿ."

"ಇಲ್ಲಮ್ಮ, ಅನ್ಕೊಳ್ಳೂದಿಲ್ಲ."

ಇನ್ನು ಪ್ರತಿ ಶನಿವಾರ ಬಂದು ಹೊಸಬರಿಗೆ ಕೆಲಸ ಕಲಿಸುವುದಾಗಿ ಅವರು ಒಪ್ಪಿದ್ದಾರೆ. ಮೊದಲ ಪಾಠವಾಗಿ ತಮ್ಮ ತಪ್ಪನ್ನೇ ಹೇಳುವರಂತೆ. ದೀರ್ಘಾಯುಷ್ಯವು ಗುರುರಾಜರಿಗೆ ಹಗುರವಾದ ಹಾರೈಕೆಯಲ್ಲವೆಂದು ತಿಳಿದೂ ಅದನ್ನೇ ಹಾರೈಸಬೇಕಾಗಿದೆ. ಟವರ್ ಏರುವವರು ಇನ್ನೂ ಬರುತ್ತಲೇ ಇದ್ದಾರೆ.